ಹೆಣಗಳ ಮುಂದೆ ವ್ಯಾಕರಣ ಪಾಠ

1994ರ ಜೂನ್ 10. ರುವಾಂಡದಲ್ಲಿ ಟುಟ್ಸಿ ಜನರ ಸಾಮೂಹಿಕ ಕೊಲೆ ಆರಂಭವಾಗಿ ಎರಡು ತಿಂಗಳು ಕಳೆದಿತ್ತು. ಅಮೆರಿಕದ ವಿದೇಶಾಂಗ ಇಲಾಖೆಯ ವಕ್ತಾರೆ ಕ್ರಿಸ್ಟೀನ್ ಶೆಲ್ಲಿ ವಾಷಿಂಗ್ಟನ್ನಿನಲ್ಲಿ ಪತ್ರಕರ್ತರಿಗೆ ವಿವರಿಸುತ್ತಿದ್ದರು: ಅಲ್ಲಿ ‘ಜನಾಂಗಹತ್ಯೆಯ ಕೃತ್ಯಗಳು’ ನಡೆದಿವೆ, ಆದರೆ ಎಲ್ಲ ಕೊಲೆಗಳನ್ನೂ ಆ ಹೆಸರಿನಿಂದ ಕರೆಯಲಾಗದು. ಅಂತಹ ಎಷ್ಟು ಕೃತ್ಯಗಳು ಸೇರಿದರೆ ಒಂದು ಜನಾಂಗಹತ್ಯೆಯಾಗುತ್ತದೆ ಎಂದು ರಾಯಿಟರ್ಸ್‌ನ ಅಲನ್ ಎಲ್ಸ್ನರ್ ಕೇಳಿದರು. ಅದಕ್ಕೆ ಉತ್ತರಿಸುವ ಸ್ಥಾನದಲ್ಲಿ ತಾನಿಲ್ಲ ಎಂದರು ವಕ್ತಾರೆ.

ಇಂತಹ ಮಾತಿಗೆ ಇಂಗ್ಲಿಷಿನಲ್ಲಿ ‘ಕ್ವಿಬಲ್’ ಎಂಬ ಪದವಿದೆ. ಮೂಲ ವಿಷಯವನ್ನು ಬಿಟ್ಟು ಅದರ ಅಂಚಿನಲ್ಲಿರುವ ಯಾವುದೋ ಪದಕ್ಕೋ ಅಕ್ಷರಕ್ಕೋ ಎತ್ತುವ ಕ್ಷುಲ್ಲಕ ಆಕ್ಷೇಪ ಎಂದು ಅದರ ಅರ್ಥ. ಮೊಸರಿನಲ್ಲಿ ಕಲ್ಲು ಹುಡುಕುವುದು ಎಂದು ಕನ್ನಡಿಗರು ಹೇಳುವುದು ಇದರ ನೆರೆಯ ಮಾತೇ. ಆದರೆ ನಿಘಂಟು ‘ಕ್ಷುಲ್ಲಕ’ ಎಂದ ಮಾತ್ರಕ್ಕೆ ಅದರ ಪರಿಣಾಮವೂ ಕ್ಷುಲ್ಲಕವೆಂದು ನಂಬಬೇಕೇ?

ಪದದ ಹುಟ್ಟನ್ನೇ ನೋಡಿ. ಹದಿನೇಳನೆಯ ಶತಮಾನದ ಆರಂಭದಲ್ಲಿ ಅದು ಇಂಗ್ಲಿಷ್ ಬರಹದಲ್ಲಿ ಕಾಣಿಸಿಕೊಂಡಿತು. ‘ಯಾರಿಗೆ’, ‘ಯಾವುಗಳಿಂದ’ ಎಂಬರ್ಥದ ಲ್ಯಾಟಿನ್ ಪದ ‘ಕ್ವಿಬುಸ್’ ಅದರ ಮೂಲವಾಗಿರಬೇಕೆಂಬುದು ನಿಘಂಟುಕಾರರ ಊಹೆ. ಅಂದಿನ ಕಾನೂನು ಪತ್ರಗಳಲ್ಲಿ ಈ ‘ಕ್ವಿಬುಸ್’ ಹೆಜ್ಜೆಹೆಜ್ಜೆಗೂ ಬರುತ್ತಿತ್ತು. ಜನರಿಗೆ ಅರ್ಥವಾಗದ ಭಾಷೆಯಲ್ಲಿ ಜನರ ಜೀವ, ಜಮೀನುಗಳ ತೀರ್ಮಾನವಾಗುತ್ತಿದ್ದ ಕಾಲವದು. ನ್ಯಾಯಾಲಯದ ದಾಖಲೆಗಳನ್ನು ಇಂಗ್ಲಿಷಿನಲ್ಲೇ ಬರೆಯಬೇಕೆಂಬ ಕಾಯಿದೆ ಇಂಗ್ಲೆಂಡಿನಲ್ಲಿ ಸ್ಥಿರವಾಗಿ ಜಾರಿಗೆ ಬಂದುದು 1733ರಲ್ಲಿ! ವಕೀಲರ ಬಾಯಿಯ ಒಂದು ಸವಕಲು ಪದವೇ ಅವರ ಜಾಣ್ಮೆಯ ಅಡ್ಡಹೆಸರಾಯಿತು ಎಂಬುದರಲ್ಲಿ ಆಶ್ಚರ್ಯವಿಲ್ಲ.

ಮೊದಲಿಗೆ ‘ಕ್ವಿಬಲ್’ ಎಂದರೆ ಶ್ಲೇಷೆ ಎಂಬ ಅರ್ಥವೂ ಇತ್ತು. ಎಂತಹ ಗಂಭೀರ ಸನ್ನಿವೇಶದಲ್ಲೂ ಶೇಕ್ಸ್‌ಪಿಯರನಿಗೆ ಇದರ ಮೋಹ ಬಿಡಲಿಲ್ಲವೆಂದು ಸ್ಯಾಮ್ಯುಯೆಲ್ ಜಾನ್ಸನ್ 1765ರಲ್ಲಿ ದೂರಿದ್ದು ಈ ಅರ್ಥದಲ್ಲೇ. ಶ್ಲೇಷೆಗೂ ಕುತರ್ಕಕ್ಕೂ ಇರುವ ನಂಟನ್ನು ನಮ್ಮ ದೇಶದ ನ್ಯಾಯಶಾಸ್ತ್ರ ಅದಕ್ಕಿಂತ ಬಹಳ ಹಿಂದೆಯೇ ಗುರುತಿಸಿತ್ತು. ಅದು ಇದನ್ನು ‘ಛಲ’ ಎಂದು ಕರೆಯಿತು. ಹುಡುಗ ನವಕಂಬಳಿ ಹೊದ್ದಿದ್ದಾನೆ ಎಂದು ಒಬ್ಬ ಹೇಳುತ್ತಾನೆ. ಎಲ್ಲಿದೆ ಒಂಬತ್ತು ಕಂಬಳಿ, ಇರುವುದು ಒಂದೇ ಅಲ್ಲವೇ ಎಂದು ಇನ್ನೊಬ್ಬ ಎದುರಾಡುತ್ತಾನೆ. ಹೊಸತು ಎಂಬ ಅರ್ಥ ಅವನಿಗೆ ತಿಳಿಯದೆಯೇ? ಚೆನ್ನಾಗಿ ತಿಳಿದಿದೆ. (ಅದೇ ಛಲ ಕನ್ನಡದಲ್ಲಿ ಇಂದು ಹೊಗಳಿಕೆಯ ಮಾತಾಗಿರುವುದು ಬೇರೆಯೇ ಸೋಜಿಗ.)

ಹಾಗಾದರೆ ಅಕ್ಷರ ಹಿಡಿದು ವಾದಿಸುವುದೆಲ್ಲ ತಪ್ಪೇ? ಖಂಡಿತ ಅಲ್ಲ. ಸಣ್ಣ ಕಳ್ಳತನಕ್ಕೂ ಗಲ್ಲು ವಿಧಿಸುತ್ತಿದ್ದ ಇಂಗ್ಲೆಂಡಿನಲ್ಲಿ ಆರೋಪಪತ್ರದ ಲ್ಯಾಟಿನ್ ಕಾಗುಣಿತದ ಒಂದು ದೋಷ ಬಡವನೊಬ್ಬನ ಕೊರಳನ್ನು ಉಳಿಸುವುದಿತ್ತು. ಈ ಸೂಕ್ಷ್ಮಗಳಿಂದ ಅಪರಾಧಿಗಳು ಪಾರಾಗುತ್ತಿದ್ದಾರೆಂದು ನ್ಯಾಯಾಧೀಶ ಮ್ಯಾಥ್ಯೂ ಹೇಲ್ ಆ ಶತಮಾನದಲ್ಲೇ ಗೊಣಗಿದ್ದರು. ಗೊಣಗಲಿ. ಕುಣಿಕೆಯ ಕೆಳಗೆ ನಿಂತವನು ಅಕ್ಷರವನ್ನು ಹಿಡಿದುಕೊಳ್ಳುವುದಕ್ಕೂ ಕುಣಿಕೆಯ ಹಗ್ಗ ಹಿಡಿದವನು ಅಕ್ಷರದ ಹಿಂದೆ ಅಡಗುವುದಕ್ಕೂ ಅಜಗಜಾಂತರವಿದೆ. ಮೊದಲನೆಯವನಿಗೆ ಅದು ಕೊನೆಯ ಆಸರೆ. ಎರಡನೆಯವನಿಗೆ ಹೊಣೆಯಿಂದ ಜಾರಿಕೊಳ್ಳುವ ಹಿಂಬಾಗಿಲು.

ರುವಾಂಡದ ವಿಷಯದಲ್ಲಿ ನಡೆದುದು ಈ ಎರಡನೆಯದು. ಜನಾಂಗಹತ್ಯೆಯನ್ನು ತಡೆಯುವುದು ಮತ್ತು ಶಿಕ್ಷಿಸುವುದು ತಮ್ಮ ಕರ್ತವ್ಯವೆಂದು 1948ರ ಒಪ್ಪಂದಕ್ಕೆ ಸೇರಿದ ದೇಶಗಳು ಒಪ್ಪಿಕೊಂಡಿವೆ. ಆ ಪದವನ್ನು ಬಳಸಿದರೆ ಸರಕಾರ ನಿಜವಾಗಿಯೂ ಏನನ್ನಾದರೂ ಮಾಡಬೇಕಾಗಿ ಬರಬಹುದು ಎಂದು 1994ರ ಮೇ 1ರಂದೇ ಅಮೆರಿಕದ ರಕ್ಷಣಾ ಇಲಾಖೆಯ ಟಿಪ್ಪಣಿಯೊಂದು ಎಚ್ಚರಿಸಿತ್ತು. ಅಂದರೆ ಅವರಿಗಿದ್ದ ಸಂಶಯ ಪದದ ಅರ್ಥದ ಬಗ್ಗೆ ಆಗಿರಲಿಲ್ಲ. ಅರ್ಥ ತಿಳಿದಿದ್ದುದೇ ಸಮಸ್ಯೆಯಾಗಿತ್ತು! ಸುಮಾರು ನೂರು ದಿನಗಳಲ್ಲಿ ಎಂಟು ಲಕ್ಷದಷ್ಟು ಜನ ಸತ್ತರು. ಆ ಅಪರಾಧವನ್ನು ಕೂಡಲೇ ಅದರ ಹೆಸರಿನಿಂದ ಕರೆಯಲಿಲ್ಲವೆಂದು ಬಿಲ್ ಕ್ಲಿಂಟನ್ ಕಿಗಾಲಿಯಲ್ಲಿ ನಿಂತು ಒಪ್ಪಿಕೊಂಡುದು 1998ರಲ್ಲಿ.

ಪಾಠ ಕಲಿತರೇ? 2002ರ ಆಗಸ್ಟ್ 1ರಂದು ಅದೇ ದೇಶದ ನ್ಯಾಯ ಇಲಾಖೆಯ ವಕೀಲರು ‘ಚಿತ್ರಹಿಂಸೆ’ ಎಂಬ ಪದದ ಮೇಲೆ ಕುಳಿತರು. ಅಂಗಾಂಗ ವೈಫಲ್ಯ ಅಥವಾ ಸಾವಿನೊಂದಿಗೆ ಬರುವ ನೋವಿಗೆ ಸರಿಸಮನಾದ ನೋವಾಗದಿದ್ದರೆ ಅದು ದೈಹಿಕ ಚಿತ್ರಹಿಂಸೆಯಲ್ಲ ಎಂದು ಬರೆದುಕೊಟ್ಟರು. ಆ ತಿಂಗಳಲ್ಲೇ ಅಬೂ ಝುಬೈದಾ ಎಂಬ ಬಂಧಿತನನ್ನು ಹಲಗೆಗೆ ಕಟ್ಟಿ, ಮುಖದ ಬಟ್ಟೆಯ ಮೇಲೆ ನೀರು ಸುರಿದು 83 ಬಾರಿ ಉಸಿರುಗಟ್ಟಿಸಲಾಯಿತು. ಅದಕ್ಕಿಟ್ಟ ಹೆಸರು ‘ವರ್ಧಿತ ವಿಚಾರಣಾ ಕ್ರಮ’! ಅಬೂ ಗ್ರೈಬ್ ಸೆರೆಮನೆಯ ಚಿತ್ರಗಳು ಜಗತ್ತಿನ ಮುಂದೆ ಬಂದ ನಂತರ, 2004ರ ಜೂನ್‌ನಲ್ಲಿ ಈ ಟಿಪ್ಪಣಿಯೂ ಬಯಲಾಗಿ, ಸರಕಾರ ಅದನ್ನು ಹಿಂಪಡೆಯಿತು.

ಅಷ್ಟರಲ್ಲಿ ಅದಕ್ಕೆ ಸಹಿ ಹಾಕಿದ್ದ ಜೇ ಬೈಬೀ ಮೇಲ್ಮನವಿ ನ್ಯಾಯಾಲಯದ ನ್ಯಾಯಾಧೀಶರಾಗಿದ್ದರು. ಕರಡು ಬರೆದ ಜಾನ್ ಯೂ ಬರ್ಕ್ಲಿಯಲ್ಲಿ ಕಾನೂನು ಪಾಠ ಹೇಳುತ್ತಿದ್ದರು. ಇವರಿಬ್ಬರದು ವೃತ್ತಿ ದುರ್ನಡತೆಯೆಂದು ಇಲಾಖೆಯ ಒಳತನಿಖೆ ಹೇಳಿತು. ಆದರೆ 2010ರಲ್ಲಿ ಇಲಾಖೆಯ ಹಿರಿಯ ಅಧಿಕಾರಿ ಆ ವರದಿಯನ್ನು ತಿದ್ದಿದರು: ಅದು ‘ದುರ್ನಡತೆ’ಯಲ್ಲ, ಕೇವಲ ‘ವಿವೇಚನೆಯ ಕೊರತೆ’.