ಮನೆ ಅದುರಬೇಕಿಲ್ಲ, ಮಾತು ಕೇಳಿಸಬೇಕು



ಹೋದ ದೀಪಾವಳಿಗೆ ನಮ್ಮ ಮನೆಗೆ 43 ಇಂಚಿನ ತೆಳ್ಳನೆಯ ಟಿ.ವಿ. ಬಂತು. ಚಿತ್ರವೇನೋ ಕಣ್ಣಿಗೆ ಹಬ್ಬ. ಆದರೆ ಸಂಜೆ ಏಳಕ್ಕೆ ಸರಿಯಾಗಿ ಧಾರಾವಾಹಿಗೆ ಬಂದು ಕೂರುತ್ತಿದ್ದ ನಮ್ಮತ್ತೆಯವರು, ಹೂ ಕಟ್ಟುವ ನೆಪದಲ್ಲಿ ಅಡುಗೆಮನೆಗೆ ಬರತೊಡಗಿದರು.

“ಯಾಕತ್ತೆ, ಕಥೆ ಬೇಜಾರಾಯ್ತೇ?” ಅಂತ ಕೇಳಿದೆ.

“ಕಥೆಗೇನು ಕಣೇ, ಚೆನ್ನಾಗೇ ಇದೆ. ಅವರು ಏನಂತಾರೋ ನನಗೆ ಗೊತ್ತಾಗೋಲ್ಲ. ಒಂದೊಂದಕ್ಕೂ ನಿಮ್ಮನ್ನ ಕೇಳ್ತಾ ಕೂತರೆ ನಿಮಗೂ ಕಿರಿಕಿರಿ.”

ನನ್ನ ಕರುಳು ಚುರುಕ್ ಎಂದಿತು. ಹಾಗೆ ಕೇಳಿದಾಗಲೆಲ್ಲ ಸಿಡುಕಿದವಳು ನಾನೇ ಅಲ್ಲವೇ!

ಮೊದಲು ಕಿವಿ ಡಾಕ್ಟರಿಗೆ ತೋರಿಸಿದೆವು. ಸೋದರಿಯರೇ, ನೀವೂ ಮೊದಲು ಇದನ್ನೇ ಮಾಡಿ. ವಯಸ್ಸಾದ ಹಾಗೆ ಕೀರಲು ಸ್ವರಗಳು ಮೊದಲು ಮಂಕಾಗುತ್ತವಂತೆ. ಸ, ಶ, ತ ಮುಂತಾದ ಅಕ್ಷರಗಳು ಜಾರಿಹೋಗುತ್ತವೆ. ಸದ್ದು ಕೇಳುತ್ತದೆ, ಮಾತು ತಿಳಿಯುವುದಿಲ್ಲ. “ಸ್ವಲ್ಪ ಮಂದವಾಗಿದೆ, ವರ್ಷಕ್ಕೊಮ್ಮೆ ತೋರಿಸ್ತಿರಿ” ಅಂದರು ಡಾಕ್ಟರು.

ಟಿ.ವಿ.ಯದೂ ತಪ್ಪಿತ್ತು. ಹಳೇ ಡಬ್ಬಾ ಟಿ.ವಿ.ಗಳಲ್ಲಿ ಸ್ಪೀಕರು ನಮ್ಮ ಕಡೆ ಮುಖ ಮಾಡಿರುತ್ತಿತ್ತು. ಈ ತೆಳ್ಳನೆಯ ಮೈಯಲ್ಲಿ ಅದಕ್ಕೆ ಜಾಗವೆಲ್ಲಿ? ಪುಟಾಣಿ ಸ್ಪೀಕರುಗಳು ಕೆಳಕ್ಕೋ ಗೋಡೆಯ ಕಡೆಗೋ ಮುಖ ಮಾಡಿರುತ್ತವೆ.

“ಹಾಗಾದ್ರೆ ಸೌಂಡ್‌ಬಾರ್ ತರೋಣ” ಅಂದರು ನಮ್ಮವರು. ವಿಡಿಯೋ ಗೇಮಿನ ಹುಚ್ಚಿರುವ ಮಗ ಕುಣಿದಾಡಿದ. ಅತ್ತೆಯವರನ್ನೂ ಅಂಗಡಿಗೆ ಕರೆದುಕೊಂಡೇ ಹೋದೆ.

ಅಂಗಡಿಯವನು ಹೊಡೆದಾಟದ ಸಿನಿಮಾ ಹಾಕಿ, “400 ವಾಟ್ ಮೇಡಂ, ಮನೆ ಅದುರುತ್ತೆ” ಅಂದ.

“ಅದುರೋ ಮನೆ ಯಾರಿಗೆ ಬೇಕಪ್ಪಾ? ವಾರ್ತೆ ಹಾಕು” ಅಂದೆ.

ಅತ್ತೆಯವರು ಕಣ್ಣು ಮುಚ್ಚಿ ಕೂತರು. ಆ 400 ವಾಟಿನದರಲ್ಲಿ ಅರ್ಧ ಮಾತು ‘ಧಂ ಧಂ’ನಲ್ಲೇ ಮುಳುಗಿತು. ಅದಕ್ಕಿಂತ ಕಡಿಮೆ ವಾಟಿನ ಇನ್ನೊಂದರಲ್ಲಿ, ವಾರ್ತೆ ಓದುವವಳು ಹೇಳಿದ್ದನ್ನೆಲ್ಲ ಗಿಳಿಯ ಹಾಗೆ ತಿರುಗಿ ಹೇಳಿದರು. ಅದನ್ನೇ ತಂದೆವು.

ಕೊಳ್ಳುವವರಿಗೆ ನಾನು ಕಲಿತ ನಾಲ್ಕು ಮಾತು:

1. ವಾಟಿನ ಲೆಕ್ಕಕ್ಕೆ ಮರುಳಾಗಬೇಡಿ. ವಾಟ್ ಎರಡರಷ್ಟಾದರೆ ಸದ್ದು ಹೆಚ್ಚುವುದು ಬರೀ 3 ಡೆಸಿಬಲ್. ಕಿವಿಗೆ ಎರಡರಷ್ಟು ಅನ್ನಿಸಬೇಕಾದರೆ ಸುಮಾರು ಹತ್ತರಷ್ಟು ವಾಟ್ ಬೇಕು.

2. ಡಬ್ಬದ ಮೇಲೆ 2.1, 3.1 ಅಂತ ಬರೆದಿರುತ್ತದೆ. ಚುಕ್ಕೆಯ ಹಿಂದಿನದು ಎಷ್ಟು ಕಡೆಯಿಂದ ಸದ್ದು ಬರುತ್ತದೆ ಅನ್ನುವ ಲೆಕ್ಕ. ಮುಂದಿನ 1 ಅಂದರೆ ‘ಧಂ’ ಅನ್ನುವ ಸಬ್‌ವೂಫರ್. 3.1ರಲ್ಲಿ ನಡುವೆ ಒಂದು ಸ್ಪೀಕರು ಮುಖ್ಯವಾಗಿ ಮಾತಿಗಾಗಿಯೇ ಇರುತ್ತದೆ. ವಯಸ್ಸಾದವರಿರುವ ಮನೆಗೆ ಇದು ವಾಸಿ. ಮಾತನ್ನು ಎತ್ತಿ ಕೊಡುವ ಗುಂಡಿ, ರಾತ್ರಿಯ ‘ನೈಟ್ ಮೋಡ್’ ಇವೆಯೇ ಕೇಳಿ.

3. ‘ಅಟ್ಮಾಸ್’ ಅಂತ ಹೇಳಿ ದುಡ್ಡು ಹೆಚ್ಚು ಕೇಳುತ್ತಾರೆ. ಮೇಲಕ್ಕೆ ಮುಖ ಮಾಡಿದ ಸ್ಪೀಕರಿದ್ದರೆ, ಅದರ ಸದ್ದು ಚಾವಣಿಗೆ ಬಡಿದು ನಮ್ಮ ಕಡೆ ಬರಬೇಕು. ಅದಕ್ಕೆ ಸಮತಟ್ಟಾದ ಚಾವಣಿ ಬೇಕು. ನಮ್ಮಂಥ ಇಳಿಜಾರು ಹೆಂಚಿನ ಮನೆಗೆ ಅದು ದಂಡ.

4. ಟಿ.ವಿ.ಯ ಹಿಂದೆ ‘ಎಚ್‌ಡಿಎಂಐ ಎಆರ್‌ಸಿ’ ಅಂತ ಬರೆದ ತೂತು ಇದೆಯೇ ನೋಡಿಕೊಂಡು ಹೋಗಿ. ಸೌಂಡ್‌ಬಾರಿನಲ್ಲೂ ಅದಿದ್ದರೆ ಒಂದೇ ವೈರು ಸಾಕು. ಸಾಮಾನ್ಯವಾಗಿ ಟಿ.ವಿ. ರಿಮೋಟಿನಲ್ಲೇ ಸದ್ದು ಏರಿಸಿ ಇಳಿಸಬಹುದು, ಅಜ್ಜಿಯಂದಿರಿಗೆ ಎರಡು ರಿಮೋಟಿನ ಗೋಳಿಲ್ಲ.

ನಾವೂ ಎಡವಿದೆವು. ಮಗ ಮೊದಲ ದಿನ ವೈರಿಲ್ಲದೆ ಬ್ಲೂಟೂತಿನಲ್ಲಿ ಜೋಡಿಸಿದ. ಆಟದಲ್ಲಿ ಗುಂಡು ಹಾರಿದ ಮೇಲೆ ‘ಢಂ’ ಅಂತ ತಡವಾಗಿ ಕೇಳಿತು! ವೈರು ಹಾಕಿ, ಟಿ.ವಿ.ಯಲ್ಲಿ ‘ಗೇಮ್ ಮೋಡ್’ ಒತ್ತಿದ ಮೇಲೆ ಸರಿಹೋಯಿತು. ನಾನು ಅಂದಕ್ಕೆಂದು ಬಾರನ್ನು ಷೋಕೇಸಿನೊಳಗೆ ಇಟ್ಟೆ. ಗಾಜೆಲ್ಲ ಗಡಗಡ, ಮಾತು ಬಾವಿಯೊಳಗಿಂದ ಬಂದ ಹಾಗೆ. ಈಗ ಟಿ.ವಿ.ಯ ಮುಂದೆ, ಅಡ್ಡಿಯಿಲ್ಲದ ಕಡೆ ಇಟ್ಟಿದ್ದೇನೆ. ಸಬ್‌ವೂಫರನ್ನು ಮೂಲೆಯಿಂದ ಈಚೆಗೆ ತಂದೆ. ಮೂಲೆಯಲ್ಲಿದ್ದರೆ ಗುಂಯ್‌ಗುಡುತ್ತದೆ.

ಅತ್ತೆಯವರು ಈಗ ಏಳು ಗಂಟೆಗೆ ಮತ್ತೆ ತಮ್ಮ ಜಾಗದಲ್ಲಿ ಹಾಜರು. ಒಗ್ಗರಣೆಯ ಸದ್ದಿನಲ್ಲಿ ಮಾತು ತಪ್ಪಿಹೋದರೆ ಅಡುಗೆಮನೆಯಿಂದ ನಾನೇ ಕೂಗುತ್ತೇನೆ: “ಏನಂದಳು ಅತ್ತೆ?”

ಪಾಪ, ಅವರು ಒಮ್ಮೆಯೂ ಸಿಡುಕದೆ ಹೇಳುತ್ತಾರೆ.