ಬಾಯಿ ತೆರೆಸುತ್ತೇವೆ, ವಸಡು ನೋಡುವುದಿಲ್ಲ

ಸವಣೂರಿನ ಎಲೆ ಹಾಕಿಕೊಳ್ಳುವವರಿಗೆ ಉಗುಳು ಕೆಂಪಗಿರುವುದು ದಿನನಿತ್ಯದ ಸಂಗತಿ. ಅದರಲ್ಲಿ ಒಂದೆಳೆ ರಕ್ತ ಬೆರೆತರೂ ಕಣ್ಣಿಗೆ ಬೀಳುವುದಿಲ್ಲ. ಬೆಳಿಗ್ಗೆ ಹಲ್ಲುಜ್ಜುವಾಗ ಬಚ್ಚಲ ಕಲ್ಲಿನ ಮೇಲೆ ಕಂಡರೂ ‘ಉಷ್ಣ ಆಗೇತಿ’ ಎಂದು ಒಂದು ಲೋಟ ಮಜ್ಜಿಗೆ ಕುಡಿದರೆ ಅಲ್ಲಿಗೆ ಮುಗಿಯಿತು. ಬೀಡಿ ಸೇದುವವರ ಬಾಯಿ ಇನ್ನೂ ಮೋಸದ್ದು. ನಿಕೋಟಿನ್‌ಗೆ ರಕ್ತನಾಳಗಳು ಬಿಗಿಯುವುದರಿಂದ ಒಳಗೆ ರೋಗ ಬಲಿತರೂ ರಕ್ತ ಅಷ್ಟಾಗಿ ಬರುವುದಿಲ್ಲ.

ವಸಡು ರೋಗದ ಬೀಜ ಹಲ್ಲಿನ ಬುಡಕ್ಕೆ ಕಟ್ಟುವ ಲೋಳೆ. ದಂತ ಸಂಶೋಧಕ ಹೆರಾಲ್ಡ್ ಲೋ ಮತ್ತು ಸಂಗಡಿಗರು 1965ರಲ್ಲಿ ಇದನ್ನು ತೋರಿಸಿಕೊಟ್ಟರು: ಆರೋಗ್ಯವಂತ 12 ಜನ ಹಲ್ಲುಜ್ಜುವುದನ್ನು ಬಿಟ್ಟರು, ಮೂರು ವಾರದೊಳಗೆ ಎಲ್ಲರ ವಸಡೂ ಊದಿಕೊಂಡಿತು. ಆದರೆ ಅಷ್ಟೇ ಲೋಳೆ ಒಬ್ಬರನ್ನು ಸುಮ್ಮನೆ ಬಿಟ್ಟು ಇನ್ನೊಬ್ಬರ ಹಲ್ಲು ಅಲುಗಾಡಿಸುತ್ತದೆ. ಯಾಕೆ ಎನ್ನುವುದಕ್ಕೆ ಬ್ರಷ್ಷಿನಲ್ಲಿ ಉತ್ತರ ಸಿಗದು.

ಬಸುರಿಯರನ್ನೇ ನೋಡಿ. ವಸಡಿನ ಉರಿ ಎರಡನೇ ತಿಂಗಳಿಂದ ಏರುತ್ತಾ ಹೋಗಿ ಎಂಟನೇ ತಿಂಗಳಲ್ಲಿ ತುದಿ ಮುಟ್ಟುತ್ತದೆ ಎಂಬುದನ್ನು ಲೋ ಮತ್ತು ಸಿಲ್ನೆಸ್ 1963ರಲ್ಲೇ ದಾಖಲಿಸಿದ್ದರು. ಪ್ರೊಜೆಸ್ಟೆರಾನ್ ಏರಿದಾಗ ವಸಡಿನ ಕಿರುನಾಳಗಳು ಜಿನುಗತೊಡಗುತ್ತವೆ. ಬಾಯಿಯ ಕೆಲವು ಬ್ಯಾಕ್ಟೀರಿಯಾಗಳಿಗೆ ಈ ಹಾರ್ಮೋನೇ ಆಹಾರ. ಕೆಲವರಿಗೆ ಹಲ್ಲಿನ ಸಂದಿಯಲ್ಲಿ ಕೆಂಪು ಗಂಟೂ ಏಳುತ್ತದೆ. ನೋಡಿದರೆ ಹೆದರಿಕೆ ಬರುತ್ತದೆ, ಆದರೆ ಅದು ಕ್ಯಾನ್ಸರ್ ಅಲ್ಲ, ಹೆರಿಗೆಯಾದ ಮೇಲೆ ಸಾಮಾನ್ಯವಾಗಿ ಇಳಿಯುತ್ತದೆ. ತಪ್ಪಾಗುವುದು ಇಲ್ಲಿ: ರಕ್ತ ಬರುತ್ತದೆಂದು ಬ್ರಷ್ ಬದಿಗಿಟ್ಟು ಬೆರಳಲ್ಲಿ ತಿಕ್ಕುತ್ತಾರೆ. ಲೋಳೆ ಇನ್ನಷ್ಟು ಕಟ್ಟುತ್ತದೆ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಯಲ್ಲಿ ಗರ್ಭಿಣಿಯರ ತಪಾಸಣೆ ನಡೆಯುತ್ತದೆ. ಅಲ್ಲಿ ಮಾತೆಲ್ಲ ತೂಕ, ಬಿಪಿ, ಹಿಮೋಗ್ಲೋಬಿನ್ ಸುತ್ತಲೇ.

ಸಕ್ಕರೆ ಕಾಯಿಲೆಯ ಕತೆ ಇದಕ್ಕಿಂತ ದೊಡ್ಡದು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ದೇಶದ 10.1 ಕೋಟಿ ಜನರಿಗೆ ಮಧುಮೇಹವಿದೆ. ವಸಡು ರೋಗವನ್ನು ಮಧುಮೇಹದ ಆರನೇ ತೊಡಕು ಎಂದು 1993ರಲ್ಲಿ ಕರೆದವರೂ ಅದೇ ಲೋ. ರಕ್ತದಲ್ಲಿ ಹೆಚ್ಚಾದ ಸಕ್ಕರೆ ಪ್ರೊಟೀನುಗಳಿಗೆ ಅಂಟಿಕೊಂಡು ವಸಡಿನ ನಾರನ್ನು ಸೆಡೆಸುತ್ತದೆ, ಬಿಳಿ ರಕ್ತಕಣಗಳನ್ನು ಮಂಕು ಮಾಡುತ್ತದೆ, ಹಲ್ಲು ಹಿಡಿದ ಮೂಳೆ ಸವೆಯುತ್ತದೆ. ತಿರುಗಿ ಆ ವಸಡಿನ ಉರಿಯೇ ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತದೆ.

ಊಟದ ತಾಟಿನಲ್ಲೂ ಈ ಚಕ್ರ ಕಾಣಿಸುತ್ತದೆ. ಹಲ್ಲು ಅಲುಗಾಡತೊಡಗಿದ ಹಿರಿಯರು ಮೊದಲು ಬಿಡುವುದು ಕಟಕ ರೊಟ್ಟಿ. ಆಮೇಲೆ ಹಸಿ ಗಜ್ಜರಿ, ಸೌತೆಕಾಯಿ. ಕೊನೆಗೆ ಉಳಿಯುವುದು ಮೆತ್ತಗಿನ ಅನ್ನ, ಚಹಾದಲ್ಲಿ ಅದ್ದಿದ ಬಿಸ್ಕೀಟು. ಸಕ್ಕರೆ ಏರದೆ ಏನಾದೀತು? ವಸಡಿಗೆ ಚಿಕಿತ್ಸೆ ಕೊಟ್ಟರೆ ಮೂರು ತಿಂಗಳ ಸಕ್ಕರೆ ಸರಾಸರಿ, ಅಂದರೆ ಎಚ್‌ಬಿಎ1ಸಿ, ಸುಮಾರು 0.3ರಿಂದ 0.4 ಶೇಕಡಾ ಅಂಶದಷ್ಟು ಇಳಿಯುತ್ತದೆ. ಅದು ಮಾತ್ರೆಗೆ ಬದಲಿಯಲ್ಲ, ಆದರೆ ಬಿಟ್ಟುಕೊಡುವಂಥದ್ದೂ ಅಲ್ಲ. (ಬಿಪಿಗೆ ಕೊಡುವ ಆಮ್ಲೋಡಿಪಿನ್ ಕೂಡ ಕೆಲವರ ವಸಡು ಊದಿಸುತ್ತದೆ. ಮಾತ್ರೆ ನಿಲ್ಲಿಸಬಾರದು, ವೈದ್ಯರಿಗೆ ಹೇಳಬೇಕು.)

ನನ್ನ ತಕರಾರು ಇಷ್ಟೇ. ಮೂವತ್ತು ದಾಟಿದವರಿಗೆ ನಡೆಯುವ ಸರ್ಕಾರಿ ತಪಾಸಣೆಯಲ್ಲಿ ಸಕ್ಕರೆ, ಬಿಪಿ ಜೊತೆ ಬಾಯಿ ಕ್ಯಾನ್ಸರನ್ನೂ ನೋಡುತ್ತಾರೆ. ಅಂದರೆ ಬಾಯಿ ತೆರೆದೇ ಇರುತ್ತದೆ, ಟಾರ್ಚೂ ಬಿದ್ದಿರುತ್ತದೆ. ರಕ್ತ ಬರುತ್ತದೆಯೇ, ಹಲ್ಲು ಅಲುಗಾಡುತ್ತದೆಯೇ ಎಂದು ಇನ್ನೆರಡು ಪ್ರಶ್ನೆ ಕೇಳಲು ಅರ್ಧ ನಿಮಿಷ ಸಾಕು. ಹಲ್ಲು ಉದುರಿದ ಬಡ ಹಿರಿಯರಿಗೆ ಉಚಿತ ದಂತಪಂಕ್ತಿ ಕೊಡುವ ‘ದಂತ ಭಾಗ್ಯ’ ನಮ್ಮಲ್ಲಿದೆ. ಇರುವ ಹಲ್ಲು ಉಳಿಸಿಕೊಡುವ ಭಾಗ್ಯಕ್ಕೆ ಹೆಸರೇ ಇಲ್ಲ.

ಹಾನಗಲ್ಲಿನವರು, ಶಿಗ್ಗಾವಿಯವರು ಹಲ್ಲಿನ ದೊಡ್ಡಾಸ್ಪತ್ರೆಗೆ ಧಾರವಾಡದ ಬಸ್ ಹತ್ತಬೇಕು, ಹಿರೇಕೆರೂರಿನವರಿಗೆ ದಾವಣಗೆರೆ. ಒಂದು ದಿನದ ಕೂಲಿ ಹೋಯಿತು. ವಸಡು ಶುಚಿ ಮಾಡಿಸಲು ಅಷ್ಟು ದೂರ ಹೋಗಬೇಕಿಲ್ಲ, ತಾಲ್ಲೂಕು ಆಸ್ಪತ್ರೆಯ ದಂತವೈದ್ಯರೇ ಮಾಡುವ ಕೆಲಸವದು. ಸಕ್ಕರೆ ನೋಡುವ ಕೋಣೆಯಿಂದ ಅವರಿಗೊಂದು ಚೀಟಿ ಬರೆಯಲಿ. ಸಕ್ಕರೆ ಸರಾಸರಿ ನೋಡುವ ದಿನವೇ ವಸಡನ್ನೂ ನೋಡಿದರೆ ರೋಗಿಗೆ ಇನ್ನೊಂದು ಬಸ್ ಚಾರ್ಜು ಉಳಿಯುತ್ತದೆ.