ರಟ್ಟೆ ಹರಿದವನಿಗೆ ಎಣ್ಣೆ ನೀವಿದರೆ ಸಾಕೆ?

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡುಗಳ ಗುಡಿಗಳು ಯುನೆಸ್ಕೊ ಪಟ್ಟಿಗೆ ಸೇರಿದವು. ಸಂತೋಷ. ಪಕ್ಕದ ಬಸ್ತಿಹಳ್ಳಿಯಲ್ಲಿ 1133ರ ಪಾರ್ಶ್ವನಾಥ ಬಸದಿಯ ಕಂಬಗಳ ನುಣುಪನ್ನು ಬಂದವರೆಲ್ಲ ಸವರಿ ಮೆಚ್ಚುತ್ತಾರೆ. ಕಲ್ಲಿಗೆ ಸಂದ ಮರ್ಯಾದೆ ಕಲ್ಲು ಎತ್ತುವ ರಟ್ಟೆಗೆ ಸಲ್ಲುವುದು ಯಾವಾಗ? ಇದು ನಮ್ಮ ಪ್ರಶ್ನೆ.

ಮೂಟೆ ಕೈಜಾರುವಾಗ ಹಮಾಲಿ ತಟಕ್ಕನೆ ತಡೆಯುತ್ತಾನೆ. ಮಡಿಸಿದ ಮೊಣಕೈ ಭಾರಕ್ಕೆ ನೆಟ್ಟಗಾಗುತ್ತದೆ. ಒಳಗೆ 'ಟಪ್' ಎನ್ನುತ್ತದೆ. ರಟ್ಟೆಯ ಮುಂಭಾಗದ ಸ್ನಾಯುವನ್ನು ಮುಂಗೈ ಮೂಳೆಗೆ ಬಿಗಿದ ಹುರಿ ಕಿತ್ತುಹೋಯಿತು! ಮೊಣಕೈ ಕಪ್ಪಗೆ ಕಂದುತ್ತದೆ, ಸ್ನಾಯು ಮೇಲಕ್ಕೆ ಗಂಟಾಗಿ ಸರಿಯುತ್ತದೆ. ನಲವತ್ತು ದಾಟಿದ ಗಂಡಸರಿಗೇ ಇದು ಹೆಚ್ಚು. ಬೀಡಿ ಸೇದುವವರಿಗೆ ಇನ್ನೂ ಹೆಚ್ಚು. ಅರಸೀಕೆರೆಯ ಕೊಬ್ಬರಿ ಹಮಾಲಿಗೂ, ಗಿರಣಿಯ ಕೆಲಸಗಾರನಿಗೂ, ತನ್ನ ಮೂಟೆಯನ್ನು ತಾನೇ ಇಳಿಸುವ ಸಣ್ಣ ವ್ಯಾಪಾರಿಗೂ ಈ ಅಪಾಯ ಒಂದೇ.

ಆಮೇಲೆ ಆಗುವುದೇನು? "ಉಳುಕಿದೆ, ಎಣ್ಣೆ ಹಚ್ಚು" ಎನ್ನುತ್ತಾರೆ. ಎಕ್ಸ್‌ರೇ ತೆಗೆದು, ಮೂಳೆ ನೆಟ್ಟಗಿದೆ ಎಂದು ಕಳಿಸುತ್ತಾರೆ. ಹರಿದ ಹುರಿ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಸ್ವಾಮಿ! ಕಂಡುಹಿಡಿಯಲು ವೈದ್ಯರ ಒಂದು ಬೆರಳು ಸಾಕು. ಮೊಣಕೈ ಮಡಿಸಿ ಅಂಗೈ ಮೇಲೆ ಮಾಡಿಸಿ, ಹೊರಬದಿಯಿಂದ ಬೆರಳು ಕೊಕ್ಕೆಯಂತೆ ಹಾಕಿದರೆ ಗಟ್ಟಿ ಹುರಿ ಸಿಕ್ಕಬೇಕು. ಸಿಕ್ಕದಿದ್ದರೆ ಹರಿದಿದೆ. 2007ರಿಂದ ವೈದ್ಯಶಾಸ್ತ್ರಕ್ಕೆ ಗೊತ್ತಿರುವ, ಕಾಸು ಖರ್ಚಿಲ್ಲದ ಪರೀಕ್ಷೆ ಇದು.

ಎರಡು ಮೂರು ವಾರದೊಳಗೆ ಶಸ್ತ್ರಚಿಕಿತ್ಸೆಯಾದರೆ ಹುರಿಯನ್ನು ಎಳೆದು ತಂದು, ಮೂಳೆಗೆ ತೂತು ಕೊರೆದು, ಗಟ್ಟಿ ದಾರದಿಂದಲೋ ಪುಟ್ಟ ಲೋಹದ ಗುಂಡಿಯಿಂದಲೋ ಬಿಗಿಯುತ್ತಾರೆ. ತಡವಾದರೆ ಹುರಿ ಕುಗ್ಗಿ ಅಂಟಿಕೊಳ್ಳುತ್ತದೆ. ಬೇರೆ ಕಡೆಯ ಹುರಿ ತಂದು ಕಸಿಮಾಡಬೇಕಾದೀತು.

"ಕೈ ಮಡಿಸಲು ಬರುತ್ತದಲ್ಲ, ಕೊಯ್ಯುವುದೇಕೆ?" ಎನ್ನುವವರಿದ್ದಾರೆ. ಮಡಿಸಲು ಬರುತ್ತದೆ, ಕೆಳಗೆ ಇನ್ನೊಂದು ಸ್ನಾಯುವಿದೆ. ಆದರೆ ಮಡಿಸುವ ಬಲದಲ್ಲಿ ಸುಮಾರು ಶೇಕಡಾ 30, ಅಂಗೈ ತಿರುಗಿಸುವ ಬಲದಲ್ಲಿ ಸುಮಾರು ಶೇಕಡಾ 40 ಹೋಗುತ್ತದೆ. ಕುಳಿತು ಉಣ್ಣುವ ಮುದುಕನಿಗೆ ಅದು ನಡೆದೀತು. ಬೋಲ್ಟು ತಿರುಗಿಸಿ, ಮೂಟೆ ಎತ್ತಿ ಬದುಕುವವನಿಗೆ ಅದು ಅನ್ನಕ್ಕೇ ಬಿದ್ದ ಕೊಡಲಿ.

ಅಪಾಯವಿಲ್ಲವೆಂದು ನಾವು ಹೇಳುವುದಿಲ್ಲ; ಮುಂಗೈ ಕೆಲಕಾಲ ಜೋಮು ಹಿಡಿಯಬಹುದು. ದೊಡ್ಡ ಅಡ್ಡಿ ಬೇರೆ: ಭಾರದ ಕೆಲಸಕ್ಕೆ ಮರಳಲು ನಾಲ್ಕರಿಂದ ಆರು ತಿಂಗಳು ಬೇಕು. ಅಷ್ಟು ದಿನ ಒಲೆ ಉರಿಯುವುದು ಹೇಗೆ? ಇ.ಎಸ್.ಐ. ಚೀಟಿಯಿದ್ದವನಿಗೆ ಕೆಲಸದಲ್ಲಾದ ಗಾಯಕ್ಕೆ ಕೂಲಿಯ ಶೇಕಡಾ 90 ಸಿಗುತ್ತದೆ. ಮಂಡಿಯ ಹಮಾಲಿಗೆ ಆ ಚೀಟಿ ಎಲ್ಲಿದೆ? ಪರಿಹಾರದ ಕಾನೂನಾದರೋ 1923ರಿಂದಲೂ ಕಡಿದುಹೋದ ಬೆರಳುಗಳ ಪಟ್ಟಿ ಹಿಡಿದು ಕೂತಿದೆ. ಒಳಗೇ ಹರಿದ ರಟ್ಟೆಗೆ ವೈದ್ಯರು ನಷ್ಟ ಅಳೆದು ಬರೆದುಕೊಟ್ಟರೆ ಮಾತ್ರ ಬೆಲೆ.

ಆದ್ದರಿಂದ ನಮ್ಮ ಬೇಡಿಕೆ: ಹಳೇಬೀಡು, ಬೇಲೂರು, ಅರಸೀಕೆರೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಮೊಣಕೈ ನೋವೆಂದು ಬಂದವನಿಗೆಲ್ಲ ಬೆರಳ ಪರೀಕ್ಷೆ ಆಗಲಿ. ಹರಿದದ್ದು ಕಂಡರೆ ವಾರದೊಳಗೆ ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಗೋ ಬೆಂಗಳೂರಿನ ಸಂಜಯ ಗಾಂಧಿ ಆಸ್ಪತ್ರೆಗೋ ಚೀಟಿ ಬರೆದು ಕಳಿಸಲಿ. ಹಮಾಲಿಗಳಿಗೂ ಗಾಯದ ಕಾಲದ ಕೂಲಿ ಗೊತ್ತಾಗಲಿ.

ಕಾರ್ಮಿಕ ಬಂಧುಗಳೇ, 'ಟಪ್' ಎಂದ ಕೈಯನ್ನು ನೀವಿಸಿಕೊಂಡು ಕೂರಬೇಡಿ. ಗಾಯವಾದ ದಿನವೇ ಮೇಸ್ತ್ರಿಗೆ ಹೇಳಿ ಬರೆಸಿ, ಮರುದಿನವೇ ಆಸ್ಪತ್ರೆಗೆ ನಡೆಯಿರಿ. ರಟ್ಟೆಯೇ ನಮ್ಮ ಬಂಡವಾಳ. ಅದನ್ನು ಕಾಯುವುದೂ ಹೋರಾಟವೇ.